ಸದ್ದಿಲ್ಲದ ತಂಪು

ನಾನೊಂದು ಇನ್ವರ್ಟರ್ ಎ.ಸಿ. ಯಂತ್ರ. ಕಾರ್ಖಾನೆಯಲ್ಲಿ ಹುಟ್ಟಿದಾಗಲೇ ಮೈಮೇಲೆ ಕರೆಂಟು ಉಳಿತಾಯದ ಐದು ನಕ್ಷತ್ರಗಳ ಚೀಟಿ ಅಂಟಿಸಿದರು. ಅಂಗಡಿಯಲ್ಲಿ ಅದನ್ನೇ ತೋರಿಸಿಕೊಂಡು ಮೆರೆಯುತ್ತಿದ್ದೆ ಅನ್ನಿ!

ಕಲಬುರಗಿಯ ಬಿಸಿಲು ನೆತ್ತಿ ಸುಡುವ ಏಪ್ರಿಲ್‌ನಲ್ಲಿ ಕಾಶಿಬಾಯಿ ಬಂದರು. ಗಂಡ ಭೀಮಶಾ ಹೃದಯದ ಆಪರೇಷನ್ ಆಗಿ ಮನೆಗೆ ಮರಳಿದ್ದರು. ಕೋಣೆ ತಂಪಾಗಿರಲಿ ಎಂದಿದ್ದರು ಡಾಕ್ಟರು. ಮನೆಯ ಹಳೆಯ ಎ.ಸಿ.ಯೋ ಹಿಟ್ಟಿನ ಗಿರಣಿಯಂತೆ ಗುಡುಗುತ್ತಿತ್ತಂತೆ. ಆ ಗದ್ದಲದಲ್ಲಿ ಗಂಡನ ಉಸಿರು ಕೇಳಿಸದೆ ಈಕೆಗೆ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ.

"ಎಲ್ಲಾಕ್ಕಿಂತ ದೊಡ್ಡದು ಕೊಡಪ್ಪಾ" ಎಂದರು.

"ಕೋಣಿ ಎಷ್ಟದ ಅಕ್ಕಾ?" ಅಂಗಡಿಯ ಮಹಿಬೂಬ ಕೇಳಿದ.

"ಹತ್ತಕ್ಕ ಹನ್ನೆರಡು ಫೂಟು."

"ಹಂಗಾದ್ರ ಒಂದು ಟನ್ ಸಾಕ್ರಿ. ಇದನ್ನ ಒಯ್ರಿ, ಕರೆಂಟೂ ಕಡಿಮಿ ತಿಂತದ." ಬೆರಳು ನನ್ನತ್ತ ಇತ್ತು.

ಮರುದಿನ ಅವನೇ ಬಂದು ನನ್ನನ್ನು ಗೋಡೆಗೇರಿಸಿ ಹೋದ. ನಾನು ಮೊದಲು ಜೋರಾಗಿ ಬೀಸಿ, ಕೋಣೆ ತಣ್ಣಗಾದ ಮೇಲೆ ವೇಗ ತಗ್ಗಿಸಿದೆ. ಹಳಬರ ಹಾಗೆ ಪೂರ್ತಿ ನಿಂತು ಮತ್ತೆ ಧಡಕ್ಕನೆ ಏಳುವ ಜಾತಿ ನನ್ನದಲ್ಲ. ಕರೆಂಟು ಉಳಿಯುವುದೇ ಅದರಿಂದ. ಕಾಶಿಬಾಯಿಗೆ ಇದೆಲ್ಲಿ ಗೊತ್ತು? ಸದ್ದು ಅಡಗಿದ್ದೇ ತಡ, ನಾನು ಕೆಟ್ಟೇಹೋದೆ ಅಂದುಕೊಂಡರು. ನಾಲ್ಕು ಸಲ ನನ್ನನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದರು. ಕೊನೆಗೆ ಮಹಿಬೂಬನಿಗೆ ಫೋನು ಹೋಯಿತು.

"ಅಯ್ಯ ಶಿವನೆ, ಹೊಸಾ ಮಿಷನ್ ಬಂದ್ ಬಿದ್ದದಪ್ಪಾ! ಇವರಿಗಿ ಸೆಕಿ ಆಗಿ ಏನರ ಆದ್ರ ನಾ ಏನ್ ಮಾಡ್ಲಿ? ಲಗೂನ ಬಾ!"

"ಬರ್ತೀನಿ ಅಕ್ಕಾ. ಅಲ್ಲೀತನ ಅದಕ್ಕ ಮುಟ್ಟಬ್ಯಾಡ್ರಿ. ಗಾಳಿಗಿ ಕೈ ಒಡ್ಡಿ ನೋಡ್ರಿ."

ಕೈ ಒಡ್ಡಿದರು. ತಣ್ಣನೆಯ ಗಾಳಿ! ಹಾಗೇ ನಿಂತರು. ಆ ಮೌನದಲ್ಲಿ ಒಂದು ಸಣ್ಣ ಸದ್ದು ಕೇಳಿಸಿತು. ನನ್ನದಲ್ಲ, ಮಲಗಿದ್ದ ಭೀಮಶಾ ಅವರ ಉಸಿರು. ಹದವಾಗಿ ಬರುತ್ತಿತ್ತು, ಹೋಗುತ್ತಿತ್ತು. ಕಾಶಿಬಾಯಿ ಮಂಚದ ಪಕ್ಕದ ಚಾಪೆಯ ಮೇಲೆ ಕೂತು ಅದನ್ನೇ ಕೇಳಿದರು. ಅಬ್ಬಾ, ಆ ಮುಖದ ಮೇಲಿನ ನಿರಾಳ ನೋಡಿ ನನಗೇ ಹಾಯೆನಿಸಿತು.

ಅರ್ಧ ಗಂಟೆಯಲ್ಲಿ ಮಹಿಬೂಬ ಬಂದರೆ, ರೋಗಿ ಎದ್ದು ಕೂತಿದ್ದಾರೆ, ಹೆಂಡತಿ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ!

"ಎಬ್ಬಿಸಬ್ಯಾಡಪ್ಪಾ" ಎಂದರು ಭೀಮಶಾ ಪಿಸುದನಿಯಲ್ಲಿ. "ಆಕಿ ನಿದ್ದಿ ಮಾಡಿ ತಿಂಗಳಾತು."

ಅದಾಗಿ ಹನ್ನೊಂದು ಬೇಸಿಗೆ ಕಳೆದವು. ಈಗ ನಾನು ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ಬೇಸರವೇನಿಲ್ಲ. ಮೊನ್ನೆ ಗೋಡೆಯಿಂದ ನನ್ನನ್ನು ಇಳಿಸುವಾಗ, "ನೀವ್ ಅತ್ತ ಸರೀರಿ, ಭಾರ ಎತ್ತಬ್ಯಾಡ್ರಿ" ಎಂದು ಕಾಶಿಬಾಯಿ ಗದರುತ್ತಿದ್ದರೂ ಕೇಳದೆ, ಒಂದು ಬದಿ ಎತ್ತಿ ಹಿಡಿದವರು ಭೀಮಶಾ.