ಆ ಕಡೆಯವರ ಟ್ಯಾಂಕು

"ಕತ್ತೆ ಬೆಳೆದ ಹಾಗೆ ಬೆಳೆದಿದ್ದಾನೆ, ಇನ್ನೂ ಆಟದ ಸಾಮಾನಿನ ಅಂಗಡಿ! ಓದು ಅರ್ಧಕ್ಕೆ ಬಿಟ್ಟ. ಈಗ ಎಂಬತ್ತರ ಮುದುಕನ್ನೂ ಮಗು ಮಾಡೋಕೆ ಹೊರಟಿದ್ದಾನೆ!"

ಸೋದರಮಾವ ಇದನ್ನು ಮೆಲ್ಲಗೇನೂ ಹೇಳಲಿಲ್ಲ. ಬಣ್ಣದ ಡಬ್ಬಿ ನೋಡುತ್ತಿದ್ದ ಇಬ್ಬರು ಹುಡುಗಿಯರು ತಿರುಗಿದರು. ಅಂಗಡಿಯಾಕೆ ಕೆಮ್ಮಿ, ಇಲ್ಲದ ಧೂಳು ಒರೆಸತೊಡಗಿದಳು.

ಬೈಸಿಕೊಂಡ ಸೋದರಳಿಯನನ್ನು ಮನೆಯವರೆಲ್ಲ ಕರೆಯುವುದೇ ಕೆಂಡ ಅಂತ. ಅವನು ಕೆಲಸ ಮಾಡುವ ಗ್ಯಾರೇಜಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಕೈಯಲ್ಲಿದ್ದ ಸ್ಪ್ಯಾನರು ಗೋಡೆ ಸೇರಿರುತ್ತಿತ್ತು. ಆದರೆ ಅವನ ತೋಳು ಹಿಡಿದು ನಿಂತಿದ್ದ ತಾತ ಆಗಲೇ ಬಾಗಿಲ ಕಡೆ ನೋಡುತ್ತಿದ್ದ.

"ಬೇಡ ಬಿಡೋ, ಮನೆಗೆ ಹೋಗೋಣ."

ಅಜ್ಜಿ ಹೋದಂದಿನಿಂದ ತಾತನ ಬಾಯಲ್ಲಿ ಇದೊಂದೇ ಮಾತು. ಕಾಫಿ ಬೇಡ, ರೇಡಿಯೋ ಬೇಡ, ಹೊಸ ಅಂಗಿ ಬೇಡ. ಹರೆಯವನ್ನೆಲ್ಲ ಸೈನ್ಯದಲ್ಲಿ ಟ್ಯಾಂಕು ಓಡಿಸಿ ಕಳೆದ ಮನುಷ್ಯ. ಮೊನ್ನೆ ಈ ಅಂಗಡಿಯ ಗಾಜಿನೊಳಗೆ ಜೋಡಿಸಿಟ್ಟ ಪುಟ್ಟ ಟ್ಯಾಂಕು ಕಂಡು ತಟಕ್ಕನೆ ನಿಂತುಬಿಟ್ಟಿದ್ದ. ಅಷ್ಟನ್ನೇ ಹಿಡಿದು ಕೆಂಡ ಇವತ್ತು ಎಳೆದುಕೊಂಡು ಬಂದಿದ್ದ. ಇಲ್ಲಿಂದಲೂ ಬರಿಗೈಲಿ ಹೋದರೆ ತಾತ ಮತ್ತೆ ಯಾವುದಕ್ಕೂ ಆಸೆಪಡಲಾರ. ಕೆಂಡ ಸಿಟ್ಟನ್ನು ಕಹಿ ಗುಳಿಗೆಯ ಹಾಗೆ ನುಂಗಿದ.

"ಅಕ್ಕಾ, ಇವರು ಓಡಿಸ್ತಿದ್ದ ಟ್ಯಾಂಕೇ ಇದೆಯಲ್ಲ ಮೇಲೆ, ಅದನ್ನ ಇಳಿಸಿ."

ತಾತ ಬಿಡಿಭಾಗಗಳ ಆ ಡಬ್ಬಿಯನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ" ಅಂದು ವಾಪಸಿಟ್ಟ, ದೂರದ ನೆಂಟರ ಮದುವೆ ಫೋಟೋ ನೋಡಿದವನ ಹಾಗೆ. ಇನ್ನೂ ದೊಡ್ಡದು ಬಂತು. ಮೋಟಾರಿನದು ಬಂತು. ಎಲ್ಲಕ್ಕೂ ಬೇಡವೆಂದು ತಲೆಯಾಡಿಸಿದ.

"ಮುಗೀತಾ ನಿಮ್ಮ ಯುದ್ಧ?" ಮಾವ ಕಾರಿನ ಕೀ ಕುಣಿಸಿದ.

ಕೆಂಡ ಮಂಡಿಯೂರಿ ತಳದ ಕಪಾಟಿಗೇ ಕೈ ಹಾಕಿದ. ಮೂಲೆ ನಜ್ಜಾದ ಡಬ್ಬಿಯೊಂದು ಹೊರಬಂತು. ತಾತ ಕನ್ನಡಕ ಮೇಲೇರಿಸಿದ.

"ಇದು ಅವರದ್ದು ಕಣೋ. ನಮ್ಮೆದುರಿಗೆ ನಿಂತಿದ್ದವರದ್ದು."

ಕೆಂಡ ಗಾಬರಿಯಾಗಿ ವಾಪಸು ತುರುಕಲು ಹೋದ. ಕೈ ಮೇಲೆ ಚಟೀರನೆ ಏಟು ಬಿತ್ತು.

"ಒಳಗಿಡಬೇಡ್ವೋ! ನಮ್ಮ ಟ್ಯಾಂಕಿನ ಹೊಟ್ಟೆಯೊಳಗೆ ಕೂತು ಬೆನ್ನು ಸವೆಸಿದ್ದೀನಿ, ಅದರಲ್ಲಿ ನೋಡೋದೇನಿದೆ ಮಣ್ಣು? ಇದನ್ನ ಹೊರಗಿಂದ ಮಾತ್ರ ನೋಡಿದ್ದು, ಅದೂ ಜೀವ ಕೈಲಿ ಹಿಡ್ಕೊಂಡು. ಅದರೊಳಗೂ ನನ್ನಂಥ ಬಡಪಾಯಿ ಒಬ್ಬ ಕೂತಿರ್ತಿದ್ನಲ್ಲ, ಅವನಿಗೆ ಕಾಲು ಚಾಚೋಕೆ ಜಾಗ ಇತ್ತೋ ಇಲ್ವೋ ಅಂತ ಅವತ್ತಿಂದ ತಲೆ ಕೊರೀತಿದೆ!"

ಡಬ್ಬಿಯ ಬದಿಯಲ್ಲಿ ಒಳಭಾಗದ ಚಿತ್ರವಿತ್ತು: ಸೀಟು, ಸನ್ನೆಕೋಲು, ಇಂಜಿನ್ನು, ಎಲ್ಲವನ್ನೂ ಒಂದೊಂದಾಗಿ ಅಂಟಿಸಬೇಕು. ತಾತ ಅದಕ್ಕೆ ಮೂಗು ತಾಗಿಸಿದ.

"ಅಯ್ಯೋ ಪಾಪವೇ! ಗೇರು ಹಾಕಿದ್ರೆ ಮಂಡಿಗೇ ಬಡಿಯುತ್ತೆ ಕಣೋ! ನಮಗಿಂತ ಕಡೆ ಇವನ ಪಾಡು!"

ನಕ್ಕ. ಹೆಗಲು ಕುಲುಕಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹುಡುಗಿಯರೂ ನಕ್ಕರು, ಅಂಗಡಿಯಾಕೆಯೂ.

"ಇದೇ ಬೇಕು. ಅಂಟು ಬೇಕು. ಇಕ್ಕಳ ಬೇಕು. ಸಣ್ಣ ಕುಂಚ ಕೊಡಮ್ಮ, ತೀರಾ ಸಣ್ಣದು!"

ಕೆಂಡ ದುಡ್ಡು ಕೊಡುತ್ತಿರುವಾಗಲೇ ತಾತ ಡಬ್ಬಿ ಕಂಕುಳಿಗಿಟ್ಟು, ಕಾರಿನತ್ತ ಕಣ್ಣೂ ಹಾಯಿಸದೆ ಬೀದಿಗಿಳಿದಿದ್ದ.

ಮಾವ ಬಾಗಿಲಿಗೆ ಅಡ್ಡ ನಿಂತ. "ಶತ್ರುವಿನ ಟ್ಯಾಂಕನ್ನ ಮನೆಯೊಳಗೆ ಇಡ್ತೀರಾ? ನೋಡಿದವರು ಏನಂತಾರೆ? ನಿನ್ನಂಥ ಅಡ್ಡಕಸುಬಿ ಕೈಲಿ ಅದು ಪೂರ್ತಿಯಾದ ಹಾಗೇ!"

ಕೆಂಡನ ನಾಲಿಗೆ ತುದಿಯಲ್ಲಿ ಉತ್ತರಗಳು ನೂಕುನುಗ್ಗಲು ಮಾಡುತ್ತಿದ್ದವು, ಒಂದಕ್ಕಿಂತ ಒಂದು ಖಾರ. ಅಷ್ಟರಲ್ಲಿ ಬೀದಿಯ ಆಚೆ ಬದಿಯಿಂದ ಕೂಗು ಕೇಳಿಸಿತು:

"ಬಾರೋ ಬೇಗ! ಊಟದ ಮೇಜು ಖಾಲಿ ಮಾಡ್ಬೇಕು!"

ಕೆಂಡ ಚೀಲ ಎತ್ತಿಕೊಂಡ. ಮಾವನ ಪಕ್ಕದಲ್ಲೇ ನುಸುಳಿ, ಹಲ್ಲು ಕಾಣುವಂತೆ ನಗುತ್ತಾ, ತಾತನ ಕಡೆ ಬಿರಬಿರನೆ ಹೆಜ್ಜೆ ಹಾಕಿದ.