ತಗೊಳ್ಳುವುದಾ, ಮಾಡುವುದಾ?

ಸ್ಟ್ರೆಚರಿನ ತಲೆಯ ಕಡೆ ಹಿಡಿದಿದ್ದ ಇಬ್ಬರು ಬಾಗಿಲು ದಾಟಿ ನಿಂತುಬಿಟ್ಟರು. ಕಾಲಿನ ಕಡೆಯವರು ಇನ್ನೂ ಮೆಟ್ಟಿಲ ಮೇಲೆಯೇ ಇದ್ದರು. ಮುಂದೆ ಹೋಗಲು ದಾರಿಯಿರಲಿಲ್ಲ. ಹಾಲ್‌ನ ನಟ್ಟನಡುವೆ ಸೊಂಟದೆತ್ತರದ ಒಂದು ಮರದ ಪೆಟ್ಟಿಗೆ, ನೆಲಕ್ಕೆ ಬೋಲ್ಟ್ ಹಾಕಿಸಿಕೊಂಡು ಕೂತಿತ್ತು.

"ಥೋಡಾ ಲೆಫ್ಟ್ ಲೇನಾ" ಎಂದ ಅನೀಶ. ಎಡಕ್ಕೆ ಸೋಫಾ ಇತ್ತು, ಬಲಕ್ಕೆ ಗೋಡೆ.

ಸ್ಟ್ರೆಚರಿನ ಮೇಲಿದ್ದವರು ಅವನ ಅಪ್ಪ ತಾರಾನಾಥ. ಬೆಳಿಗ್ಗೆ ಹಾಲು ತರಲು ಇಳಿದವರು ಡೊಂಬಿವಲಿಯ ರಸ್ತೆಯಲ್ಲಿ ಕುಸಿದು, ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿದ್ದರು. ಮಹಾಪೆಯ ಪಂಪಿನ ಕಂಪನಿಯೊಂದರ ಸ್ಟೋರ್ಸಿನಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಇಷ್ಟು ವರ್ಷ ಯಾರ ದಾರಿಗೂ ಅಡ್ಡ ಬಂದವರಲ್ಲ. ಈಗ ಇಡೀ ಕಟ್ಟಡದ ಮೆಟ್ಟಿಲು ಅವರಿಂದಾಗಿ ಬಂದ್ ಆಗಿತ್ತು. ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ನಿಂತು ಕಾಯುತ್ತಿದ್ದರು.

"ಕಾಕಾನ್ನಾ ಖಾಲೀಚ್ ಠೇವೂಯಾ" ಎಂದರು ಸೊಸೈಟಿಯ ಸೆಕ್ರೆಟರಿ. ಕೆಳಗೆ ಪಾರ್ಕಿಂಗಿನಲ್ಲೇ ಇಡೋಣ, ಅಲ್ಲೇ ಎಲ್ಲರೂ ನೋಡಲಿ ಎಂದು ಅವರ ಸಲಹೆ. ತಪ್ಪೇನೂ ಇರಲಿಲ್ಲ, ಎಷ್ಟೋ ಜನರಿಗೆ ಹಾಗೆಯೇ ಮಾಡಿದ್ದರು.

ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಹೆಂಡತಿ ಸುಗುಣಾ ಎದ್ದು ನಿಂತಳು. "ಸ್ವಂತ ಮನೆ ಇದ್ದವರನ್ನು ಸ್ಕೂಟರಿನ ಮಧ್ಯೆ ಮಲಗಿಸುದಾ? ಅವರನ್ನು ಒಳಗೇ ತನ್ನಿ."

"ಅಮ್ಮಾ, ಜಾಗಾ ಕಿಧರ್ ಹೈ?"

"ಆ ಪೆಟ್ಟಿಗೆ ಒಡೆದು ಹಾಕು. ಈಗಲೇ ಒಡಿ."

ಅನೀಶ ಸುತ್ತಿಗೆ ಹುಡುಕಲು ಹೊರಟ. ಅಷ್ಟರಲ್ಲಿ ಬದಲಾಪುರದ ಲೋಕಲ್ ರೈಲು ಇಳಿದು ಓಡಿಬಂದಿದ್ದ ಪುಂಡರೀಕಾಕ್ಷ, ಸ್ಟ್ರೆಚರಿನ ಕೆಳಗೆ ಬಗ್ಗಿ ಒಳಗೆ ನುಸುಳಿದರು. ತಾರಾನಾಥರ ಜೊತೆ ಅದೇ ಸ್ಟೋರ್ಸಿನಲ್ಲಿದ್ದವರು, ಮೈಸೂರಿನ ಕಡೆಯವರು. ಮುಖವೆಲ್ಲ ಬೆವರು.

"ಒಡೀಬೇಡ ಕಣೋ ಅನೀಶ. ಬಿಚ್ಚಿದ್ರೆ ಬರತ್ತೆ. ನಿಮ್ಮಪ್ಪ, ನಾನು ಇಬ್ರೇ ಕೂತು ಹಾಕಿದ್ದು. ಬೋಲ್ಟ್ ಬಿಚ್ಚೋ ಪಾನಾ ಎಲ್ಲಿದೆ, ಕೊಡು."

*

ಮೂರು ವರ್ಷದ ಹಿಂದೆ, ಠಾಣೆಯ ಮಾಲೊಂದರ ಫರ್ನಿಚರ್ ಅಂಗಡಿಯಲ್ಲಿ ಸೇಲ್ಸ್‌ಮನ್ ಗುಂಡಿಯೊತ್ತಿದ. ಉದ್ದನೆಯ ಪೆಟ್ಟಿಗೆಯ ಮುಚ್ಚಳ ತೆರೆದುಕೊಂಡು ಒಳಗಿಂದ ಟಿವಿ ನಿಧಾನವಾಗಿ ಮೇಲೆ ಬಂತು. ಇನ್ನೊಮ್ಮೆ ಒತ್ತಿದ. ಟಿವಿ ಒಳಗೆ ಹೋಯಿತು. ತಾರಾನಾಥ ಮತ್ತೆ ಮತ್ತೆ ಒತ್ತಿಸಿದರು.

"ಪಪ್ಪಾ, ಲೇ ಲೋ. ಬೋನಸ್ ಆಯಾ ಹೈ" ಎಂದು ಕೊಳ್ಳಲು ಒತ್ತಾಯಿಸಿದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಅನೀಶ.

ತಾರಾನಾಥ ಪೆಟ್ಟಿಗೆಯ ಉದ್ದವನ್ನು ಗೇಣಿನಲ್ಲಿ ಅಳೆದು ತಲೆಯಾಡಿಸಿದರು. ಮನೆಯಲ್ಲಿ ಟಿವಿ ಇದ್ದ ಗೋಡೆಗೆ ಅದು ಹಿಡಿಸುವುದಿಲ್ಲ, ಬೆಡ್‌ರೂಮಿನ ಬಾಗಿಲಿಗೆ ಅಡ್ಡ ಬರುತ್ತದೆ. "ಸುಗುಣಾ, ತಗೊಳ್ಳುವುದಾ, ಮಾಡುವುದಾ?"

"ಈಗ ಇರುವ ಟಿವಿಗೆ ಎಂತ ಆಗಿದೆ?" ಎಂದಳು ಸುಗುಣಾ.

ಅಲ್ಲಿಂದ ಶುರುವಾದ ಪ್ರಶ್ನೆ ಎರಡು ವರ್ಷ ಮುಗಿಯಲಿಲ್ಲ. ಮೀನು ಮಾರ್ಕೆಟ್ಟಿನಲ್ಲಿ, ಮದುವೆ ಊಟದಲ್ಲಿ, ಬೇಲಾಪುರದ ಆಫೀಸೊಂದರಲ್ಲಿ ಪೆನ್ಶನ್ನಿನ ಕಾಗದಕ್ಕೆ ಕಾಯುವಾಗ, ಪಕ್ಕದವರು ಸಿಕ್ಕಿದರೆ ಸಾಕು. ತಗೊಳ್ಳುವುದಾ, ಮಾಡುವುದಾ? ರೆಡಿಮೇಡ್ ಆದರೆ ಗ್ಯಾರಂಟಿ ಉಂಟು, ಅಳತೆ ಇಲ್ಲ. ಮಾಡಿದರೆ ಅಳತೆ ಉಂಟು, ಗ್ಯಾರಂಟಿ ಇಲ್ಲ. ಸೊಸೆ ಹುಡುಕುವಾಗಲೂ ಇಷ್ಟು ಯೋಚಿಸಲಿಕ್ಕಿಲ್ಲ ಎಂದು ಸುಗುಣಾ ನೆಂಟರೆದುರು ತಮಾಷೆ ಮಾಡುತ್ತಿದ್ದಳು. ಆಮೇಲಾಮೇಲೆ ಅವಳಿಗೆ ತಮಾಷೆ ಅನ್ನಿಸಲಿಲ್ಲ. ಮೂರನೆಯ ವರ್ಷ, ಮಾಡುವುದು ಎಂದೇ ತೀರ್ಮಾನವಾಯಿತು.

ಆ ಮನೆಯ ಹಾಲ್‌ಗೆ ಇದ್ದದ್ದು ಒಂದೇ ಕಿಟಕಿ. ಗೇಟು, ರಸ್ತೆ, ಎದುರಿನ ಕಟ್ಟಡ ಎಲ್ಲ ಅದರಿಂದಲೇ ಕಾಣಬೇಕು. ಮೊದಲು ಸುಗುಣಾ ಅಲ್ಲಿ ಕೂತು ಸೊಪ್ಪು ಬಿಡಿಸುತ್ತ ಎದುರು ಕಟ್ಟಡದ ಜಯಲತಾಳ ಜೊತೆ ಕೂಗಿ ಮಾತಾಡುತ್ತಿದ್ದಳು. ಮಾಲಿಗೆ ಹೋಗುವುದಕ್ಕೂ ಮೊದಲೇ ಅನೀಶ ದೊಡ್ಡ ಟಿವಿ ತಂದಾಗ ಅದನ್ನು ದೇವರ ಮಂಟಪದ ಗೋಡೆಗೆ ತಾಗಿಸಲು ಅವಳೇ ಬಿಡಲಿಲ್ಲ. ಉಳಿದದ್ದು ಕಿಟಕಿಯ ಗೋಡೆಯೊಂದೇ. ಟಿವಿ ಅಲ್ಲಿ ಬಂದು ಕೂತ ದಿನ ಅವಳು, "ಕಿಟಕಿ ಹೋಯ್ತಲ್ಲ" ಎಂದಿದ್ದಳು. ಅಷ್ಟೇ ಅಂದದ್ದು. ಮರುದಿನದಿಂದ ಜಯಲತಾಳಿಗೆ ಫೋನು ಮಾಡತೊಡಗಿದಳು.

*

ಬೋಲ್ಟುಗಳು ಒಂದೊಂದಾಗಿ ಬಿಟ್ಟವು. ಪೆಟ್ಟಿಗೆಯ ಹಲಗೆಗಳು ಸ್ಟ್ರೆಚರನ್ನು ದಾಟಿ ಮೆಟ್ಟಿಲಿಗೆ ಹೋದವು, ಟಿವಿ ಎತ್ತುವ ಮೋಟಾರು ವಯರಿನ ಸಮೇತ ಬಾತ್‌ರೂಮಿನ ಮೂಲೆ ಸೇರಿತು. ಪೆಟ್ಟಿಗೆ ಇದ್ದ ಜಾಗದಲ್ಲಿ ಕುಚ್ಚಲಕ್ಕಿಯ ಕಾಳುಗಳು ಚೆಲ್ಲಿದ್ದವು. ಸುಗುಣಾ ಕಸಬರಿಕೆ ತೆಗೆದುಕೊಂಡು ಅವನ್ನು ತಾನೇ ಗುಡಿಸಿದಳು, ಬೇರೆಯವರಿಗೆ ಕೊಡಲಿಲ್ಲ.

ತಲೆ ದಕ್ಷಿಣಕ್ಕೆ ಬರಬೇಕು, ತಲೆಯ ಹತ್ತಿರ ದೀಪ ಇಡಬೇಕು. ದಕ್ಷಿಣಕ್ಕೆ ಕಿಟಕಿಯ ಗೋಡೆ, ಅಲ್ಲಿ ಟಿವಿ. ಅನೀಶ ಅದನ್ನೂ ಟೇಬಲ್ಲನ್ನೂ ಬೆಡ್‌ರೂಮಿಗೆ ಸಾಗಿಸಿದ. ತಾರಾನಾಥ ಕೊನೆಗೂ ಹಾಲ್‌ನ ನೆಲದ ಮೇಲೆ ಚಾಪೆಯಲ್ಲಿ ಮಲಗಿದರು. ಊದುಬತ್ತಿಯ ಹೊಗೆಗೆ ಯಾರೋ ಕೆಮ್ಮಿದರು. ಅನೀಶ ಕಿಟಕಿಯ ಗಾಜನ್ನು ಎರಡು ಕೈಯಿಂದ ಎಳೆದ. ಧೂಳು ಕಟ್ಟಿದ ಗಾಜು ಕಿರುಗುಟ್ಟುತ್ತ ಸರಿಯಿತು.

ಜಯಲತಾ ಬಂದು ಪಕ್ಕದಲ್ಲಿ ಕೂತಳು. ಸುಗುಣಾ ಮೆಲ್ಲಗೆ ಹೇಳಿದಳು, "ನಿನ್ನೆ ಸಾಯಂಕಾಲ ನಾನು ಇವರಿಗೆ ಎಂತ ಹೇಳಿದೆ ಗೊತ್ತುಂಟಾ?"

"ಈಗ ಅದೆಲ್ಲ ಯಾಕೆ ಮಾರಾಯ್ತಿ?"

"ನೀವೂ ಬೇಡ, ನಿಮ್ಮ ಪೆಟ್ಟಿಗೆಯೂ ಬೇಡ ಅಂತ ಹೇಳಿದೆ. ಅದೇ ಕೊನೆಯ ಮಾತು. ಬೆಳಿಗ್ಗೆ ಹಾಲಿಗೆ ಹೋಗುವಾಗ ಬರ್ತೇನೆ ಅಂತ ಸಹ ಹೇಳದೆ ಹೋದರು."

ಜಯಲತಾ ಹತ್ತಿರಕ್ಕೆ ಸರಿದು ಕೂತಳು. ಅವಳ ಕೈ ಹಿಡಿದುಕೊಂಡಳು.

*

ಹಿಂದಿನ ಸಂಜೆ ಪೆಟ್ಟಿಗೆಯ ಪರೀಕ್ಷೆ ನಡೆದಿತ್ತು. ಮೋಟಾರು ಎತ್ತುವಾಗ ವಾಲಬಾರದೆಂದು ಎರಡು ದಿನದ ಮಟ್ಟಿಗೆ ನೆಲಕ್ಕೆ ಬಿಗಿದ ಪೆಟ್ಟಿಗೆ ಎರಡು ತಿಂಗಳಿಂದ ಅಲ್ಲೇ ಇತ್ತು. ಸುಗುಣಾ ದಿನಾ ಅದನ್ನು ಸುತ್ತುಹಾಕಿ ದೇವರಿಗೆ ದೀಪ ಹಚ್ಚುತ್ತಿದ್ದಳು. ಟಿವಿಯನ್ನೇ ಇಟ್ಟು ನೋಡುವ ಧೈರ್ಯ ತಾರಾನಾಥರಿಗಿರಲಿಲ್ಲ. ಅಷ್ಟೇ ತೂಕದ ಅಕ್ಕಿಚೀಲ ಇಟ್ಟರು.

ಸುಗುಣಾ ಅಡುಗೆಮನೆಯಿಂದ ಬಂದಾಗ ತಿಂಗಳ ಅಕ್ಕಿ ಹಾಲ್‌ನ ನಡುವೆ ಮೆಲ್ಲಗೆ ಮೇಲೇಳುತ್ತಿತ್ತು. ಅರ್ಧಕ್ಕೆ ಬಂದ ಚೀಲ ಪೆಟ್ಟಿಗೆಯ ಅಂಚಿಗೆ ಸಿಕ್ಕಿ ಹರಿಯಿತು. ಅಕ್ಕಿ ಸೋಫಾದಡಿಗೆ, ಬಾಗಿಲಾಚೆಗೆ, ದೇವರ ಮುಂದೆ, ಎಲ್ಲೆಂದರಲ್ಲಿ. ಆಗ ಅವಳು ಆ ಮಾತು ಆಡಿದ್ದು. ತಾರಾನಾಥ ಮೋಟಾರು ಆರಿಸಿದರು. ಮೊಣಕಾಲೂರಿ ಅಕ್ಕಿ ಬಾಚತೊಡಗಿದರು. ಅವಳು ನೆರವಿಗೆ ಹೋಗಲಿಲ್ಲ.

*

ಕೆಳಗೆ ಚಟ್ಟ ಕಟ್ಟುತ್ತಿದ್ದರು. ಅಂಗಡಿಯವನು ಬಿದಿರು, ಹಗ್ಗ, ಮಡಕೆ ಎಲ್ಲ ಒಂದೇ ಕಂತೆಯಲ್ಲಿ ಕೊಟ್ಟಿದ್ದ. ಅಲ್ಲಿ ಯೋಚಿಸುವುದಕ್ಕೇನೂ ಇರಲಿಲ್ಲ. ಪುಂಡರೀಕಾಕ್ಷ ಮಾತ್ರ ಕೆಳಗೆ ಹೋಗಿರಲಿಲ್ಲ. ಬಿಚ್ಚಿದ ಬೋಲ್ಟುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಸುಗುಣಾಳ ಎದುರು ಬಂದು ಕೂತರು.

"ಅತ್ತಿಗೆ, ಹೇಳ್ಬೇಡ ಅಂದಿದ್ದ. ಇನ್ನು ಯಾರಿಗೋಸ್ಕರ ಮುಚ್ಚಿಡ್ಲಿ? ಟಿವಿ ಮೇಲೆ ಬರ್ಲಿ ಅಂತ ಅವನು ಇದನ್ನ ಮಾಡಿದ್ದಲ್ಲ. ಕೆಳಗೆ ಹೋಗ್ಲಿ ಅಂತ."

"ಅಂದ್ರೆ?"

"ಹಗಲೆಲ್ಲ ಟಿವಿ ಪೆಟ್ಟಿಗೆ ಒಳಗಿದ್ರೆ ಸುಗುಣಾಗೆ ಕಿಟಕಿ ಸಿಗತ್ತೆ ಅಂತಿದ್ದ. ನಾನು ಎಷ್ಟೋ ಸಲ ಅಂದೆ, ಚಿಕ್ಕ ಟಿವಿ ತಗೊಳಯ್ಯ ಅಂತ. ಅನೀಶ ದುಡ್ಡು ಕೊಟ್ಟು ತಂದಿದ್ದು, ಬೇಜಾರಾಗ್ತಾನೆ ಅಂದ."

"ನನ್ನ ಹತ್ರ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀವು ಬೇಡ ಅಂತೀರಂತೆ."

ಬೇಡ ಎಂದೇ ಅವಳು ಅನ್ನುತ್ತಿದ್ದಳು. ಅದು ಅವಳಿಗೂ ಗೊತ್ತು. ಸುಗುಣಾಳಿಗೆ ಅಳು ಬರಲಿಲ್ಲ, ಕೆಟ್ಟ ಸಿಟ್ಟು ಬಂತು. ಕಿಟಕಿ ಹೋಯ್ತಲ್ಲ ಎಂದು ಆಡಿದ ತನಗೇ ಮರೆತುಹೋದ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ನಿನ್ನೆ ಅಷ್ಟು ಬೈಸಿಕೊಂಡಾಗಲಾದರೂ ಬಾಯಿ ಬಿಡಬಾರದಿತ್ತೇ? ಎದುರಿಗೆ ಮಲಗಿದವರ ಮುಖ ನೋಡಿದಳು. ಅವರ ಅಂಗಿಯ ತೋಳಿನ ಮಡಿಕೆಯಲ್ಲಿ ಮರದ ಹೊಟ್ಟು ಸಿಕ್ಕಿಕೊಂಡಿತ್ತು. ಅದನ್ನು ಕೊಡವಲು ಕೈ ಚಾಚಿದವಳು ಹಾಗೆಯೇ ಬಿಟ್ಟಳು.

ಸ್ನಾನ, ಹೂವು, ಬಾಯಿಗೆ ನೀರು ಎಲ್ಲ ಕ್ರಮವಾಗಿ ನಡೆಯಿತು. ಸ್ಮಶಾನಕ್ಕೆ ಹೆಂಗಸರು ಹೋಗುವ ಪದ್ಧತಿಯಿಲ್ಲ. ಗಂಡಸರು ಎತ್ತಿಕೊಂಡು ಹೊರಟಾಗ ಸುಗುಣಾ ಬಾಗಿಲ ತನಕ ಹೋದಳು. ಮೆಟ್ಟಿಲ ತಿರುವಿನಲ್ಲಿ ಅವರು ಕಾಣದಾದರು.

ಮೇಲಿನ ಮನೆಯ ಭೀಮಮ್ಮ ಭುಜ ಹಿಡಿದರು. ಧಾರವಾಡದ ಕಡೆಯ ಹಿರಿಯ ಹೆಂಗಸು, ಇಂಥ ಹೊತ್ತಿನಲ್ಲಿ ಎಲ್ಲರೂ ಅವರ ಮಾತು ಕೇಳುತ್ತಿದ್ದರು. "ಬಾ ಯವ್ವಾ. ಮನಿ ಗುಡಿಸಿ ಒರಸಬೇಕು. ನೀ ಜಳಕಾ ಮಾಡು."

"ಒಂದು ನಿಮಿಷ" ಎಂದಳು ಸುಗುಣಾ.

ದೀಪವನ್ನು ಸುತ್ತುಹಾಕಿ ಕಿಟಕಿಗೆ ಹೋಗಿ ಸರಳು ಹಿಡಿದು ನಿಂತಳು. ಕೆಳಗೆ ಶವದ ಗಾಡಿ ಕಾಣಿಸಿತು. ಅವರನ್ನು ಒಳಗಿಟ್ಟು ಬಾಗಿಲು ಹಾಕಿದರು, ಅನೀಶ ಮುಂದೆ ಹತ್ತಿದ. ಗಾಡಿ ಗೇಟಿನ ತನಕ ಹೋಗಿ ನಿಂತಿತು.

ಗೇಟಿಗೆ ಅಡ್ಡಲಾಗಿ ನೀರಿನ ಟ್ಯಾಂಕರ್ ನಿಂತಿತ್ತು. ಆ ಬೇಸಿಗೆಯಲ್ಲಿ ದಿನಾ ಬರುತ್ತಿದ್ದದ್ದೇ. ಪೈಪು ತೊಟ್ಟಿಗೆ ಬಿಟ್ಟು ಡ್ರೈವರ್ ಎಲ್ಲೋ ಚಹಾಕ್ಕೆ ಹೋಗಿದ್ದ. ಹಾರ್ನ್ ಹೊಡೆದರು. ಸೆಕ್ರೆಟರಿ ಬೈದರು. "ಅರೇ ಗಾಡಿ ಹಟವಾ" ಎಂದು ನಾಲ್ಕೈದು ಜನ ಒಟ್ಟಿಗೆ ಕೂಗಿದರು. ಪುಂಡರೀಕಾಕ್ಷ ಡ್ರೈವರನನ್ನು ಹುಡುಕಿಕೊಂಡು ರಸ್ತೆಗೆ ಓಡಿದರು.

"ಪಾಪ, ಹೋಗಲಿಕ್ಕೂ ಬಿಡುದಿಲ್ಲ ನೋಡು" ಎಂದಳು ಹಿಂದೆ ಬಂದು ನಿಂತ ಜಯಲತಾ.

ಗಾಡಿಯ ಹಿಂಬದಿಯ ಗಾಜಿನಲ್ಲಿ ಬಿಳಿ ಬಟ್ಟೆ, ಚೆಂಡುಹೂವಿನ ಮಾಲೆ ಚೆನ್ನಾಗಿ ಕಾಣುತ್ತಿತ್ತು. ಸುಗುಣಾ ಕಣ್ಣು ಅಲ್ಲಿಂದ ತೆಗೆಯಲಿಲ್ಲ.

"ಕೂಗಬೇಡಿ ಅಂತ ಹೇಳು ಅವರಿಗೆ" ಎಂದಳು. "ಅವನು ಚಹಾ ಮುಗಿಸಿಯೇ ಬರಲಿ."