ಹಟ್ಟಿಯಲ್ಲಿ ಹೂತ ತಾಮ್ರದ ಬಿಂದಿಗೆ

ಹದಿನಾರು ವರ್ಷಗಳ ನಂತರ ಆದೆಮ್ಮ ಮೈದುನನ ಬಾಗಿಲಿಗೆ ಹೋದದ್ದು ೧೯೮೪ರ ಬೇಸಿಗೆಯಲ್ಲಿ, ಮಾನ್ವಿಯ ಸಂತೆ ಮುಗಿಸಿಕೊಂಡು ಮಲ್ಲಟಕ್ಕೆ ಮರಳಿದ ದಿನವೇ. ಸಂತೆಯ ಚೀಲವನ್ನೂ ಮನೆಯಲ್ಲಿ ಇಟ್ಟು ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ ಹನುಮಂತ್ರಾಯ ಅವಳನ್ನು ಕಂಡು, ಎದ್ದು ನಿಲ್ಲಬೇಕೋ ಕೂತೇ ಇರಬೇಕೋ ತಿಳಿಯದೆ, ಅರ್ಧ ಎದ್ದು ಹಾಗೆಯೇ ಉಳಿದ.

"ಹನುಮಂತಾ, ರಾಯಚೂರಾಗ ಒಂದು ಮಿಷನ್ ಬಂದದಂತ," ಎಂದಳು ಆದೆಮ್ಮ, ಕುಶಲ ಕೂಡ ಕೇಳದೆ. "ನೆಲದಾಗ ಹೂತಿದ್ದ ತಾಮ್ರ, ಬೆಳ್ಳಿ ಏನಿದ್ರೂ ಮ್ಯಾಲ ನಿಂತು ಹೇಳ್ತದಂತ. ಬಸ್ ಸ್ಟ್ಯಾಂಡಿನಾಗ ದೇವದುರ್ಗದವರು ಮಾತಾಡಾಕತ್ತಿದ್ರು. ನಿನ್ನ ಹೊಲದಾಗ ಒಮ್ಮಿ ಹಿಡಸ್ತೀನಿ. ಬ್ಯಾಡ ಅನಬ್ಯಾಡ."

ಉತ್ತರ ಬಂದದ್ದು ಒಳಗಿನಿಂದ. ಹನುಮಂತ್ರಾಯನ ಹೆಂಡತಿ ಕರೆಮ್ಮ ಒಲೆಯ ಮುಂದಿನಿಂದಲೇ ಹೇಳಿದಳು: "ಇಟ್ಟಾಕಿಗೆ ಗೊತ್ತಿರಂಗಿಲ್ಲೇನು ಎಲ್ಲದ ಅಂತ? ಅದಕ್ಯಾಕ ಮಿಷನ್ನು?"

ಆದೆಮ್ಮ ಆ ಮಾತಿಗೆ ತಿರುಗಿ ನೋಡಲಿಲ್ಲ. ಮೈದುನನ ಮುಖವನ್ನೇ ನೋಡುತ್ತ ನಿಂತಳು. ಅವನು ಹಗ್ಗ ಕೆಳಗಿಟ್ಟು, "ನಾಳೆ ವಿಚಾರ ಮಾಡಿ ಹೇಳ್ತೀನಿ ಅತ್ತಿಗಿ" ಎಂದ. ಬೇಡ ಎನ್ನಲಿಲ್ಲವಲ್ಲ, ಅಷ್ಟೇ ಸಾಕೆಂದು ಅವಳು ಹಿಂತಿರುಗಿದಳು.

ಕರೆಮ್ಮ ಆಡಿದ್ದು ಮೂವತ್ತಾರು ವರ್ಷಗಳಿಂದ ಊರೆಲ್ಲ ಆಡುತ್ತ ಬಂದ ಮಾತೇ. ರಜಾಕಾರರ ಗದ್ದಲದ ವರ್ಷ ಅದು. ಆದೆಮ್ಮ ಆಗ ಹದಿನೆಂಟರ ಹೊಸ ಸೊಸೆ, ಹನುಮಂತ್ರಾಯ ಹನ್ನೆರಡರ ಹುಡುಗ. ಕುರಿಗಳನ್ನು ಹೊಡೆದುಕೊಂಡು ಹೊಳೆ ದಾಟಿ ಮದ್ರಾಸ್ ಸೀಮೆಗೆ ಹೋಗಿಬಿಡುವುದೆಂದು ಮನೆಯವರು ನಿರ್ಧರಿಸಿದರು. ದಾರಿಯಲ್ಲಿ ಮೈಮೇಲೆ ಬಂಗಾರ ಇರಬಾರದೆಂದು ಅತ್ತೆ ಹಂಪಮ್ಮ ತನ್ನ ಬೆಳ್ಳಿ ಡಾಬು, ಬಂಗಾರದ ಗುಂಡಿನ ಬೋರಮಾಳ ಸರ, ನಿಜಾಮನ ಬೆಳ್ಳಿ ನಾಣ್ಯ ಎಲ್ಲವನ್ನೂ ಒಂದು ತಾಮ್ರದ ಬಿಂದಿಗೆಯಲ್ಲಿ ತುಂಬಿ ಸೊಸೆಯ ಕೈಗೆ ಕೊಟ್ಟಳು. ಗಂಡಸರು ಕುರಿ ಹೊಡೆಯುವ ಅವಸರದಲ್ಲಿದ್ದರು. ಆದೆಮ್ಮ ಒಬ್ಬಳೇ ಕುರಿಹಟ್ಟಿಯೊಳಗೆ, ಒರಳುಕಲ್ಲಿನಿಂದ ಮೂಡಣಕ್ಕೆ ಏಳು ಹೆಜ್ಜೆ ಎಣಿಸಿ, ಮೊಳಕೈ ಮುಳುಗುವಷ್ಟು ಆಳ ತೋಡಿ ಬಿಂದಿಗೆ ಹೂತಳು. ಮೇಲೆ ಕುರಿಹಿಕ್ಕೆ ಹರವಿದಳು.

ನಾಲ್ಕು ತಿಂಗಳ ಮೇಲೆ ಗದ್ದಲ ಅಡಗಿ ಊರಿಗೆ ಬಂದಾಗ ಹಟ್ಟಿ ಸುಟ್ಟು ಬೂದಿಯಾಗಿತ್ತು. ಒರಳುಕಲ್ಲು ಮಾತ್ರ ಇತ್ತು. ಏಳು ಹೆಜ್ಜೆ ಎಣಿಸಿ ತೋಡಿದರು, ಏನೂ ಇಲ್ಲ. ಎಂಟು ದಿನ ತೋಡಿದರು. ಒಂಬತ್ತನೆಯ ದಿನ ಹಂಪಮ್ಮ ಸಲಿಕೆ ಎಸೆದು ಸೊಸೆಯ ಮುಖ ನೋಡಿದಳು. ದುರ್ದೈವಕ್ಕೆ ಅದೇ ವರ್ಷ ತವರೂರು ಯಾಪಲದಿನ್ನಿಯಲ್ಲಿ ಆದೆಮ್ಮನ ಅಣ್ಣ ಒಂದು ಜೋಡಿ ಎತ್ತು ತಂದ. ಮುಗಿಯಿತು. ಬಿಂದಿಗೆ ತವರಿಗೆ ಹೋಯಿತೆಂದು ಊರು ತೀರ್ಪು ಕೊಟ್ಟಿತು. ಅತ್ತೆ ಅದೇ ಮಾತನ್ನು ಬಾಯಲ್ಲಿಟ್ಟುಕೊಂಡೇ ತೀರಿಕೊಂಡಳು. ಗಂಡ ಕನಕರಾಯ ಒಮ್ಮೆಯೂ ಕೇಳಲಿಲ್ಲ. ಆದರೆ "ನಿನ್ನ ಮ್ಯಾಲ ನನಗ ನಂಬಿಕಿ ಅದ" ಎಂದೂ ಹೇಳದೆಯೇ ಕಣ್ಣು ಮುಚ್ಚಿದ. ಅದು ಅವಳನ್ನು ಉಳಿದವರ ಮಾತಿಗಿಂತ ಹೆಚ್ಚು ಸುಟ್ಟಿತ್ತು. ಹದಿನಾರು ವರ್ಷಗಳ ಹಿಂದೆ ಅಣ್ಣತಮ್ಮಂದಿರು ಬೇರೆಯಾದಾಗ ಹಟ್ಟಿಯಿದ್ದ ನೆಲ ಹನುಮಂತ್ರಾಯನ ಪಾಲಿಗೆ ಹೋಯಿತು. ಆಮೇಲೆ ಅವಳು ಅಲ್ಲಿ ಕಾಲಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಹನುಮಂತ್ರಾಯ ಒಗೆದ ಅಂಗಿ ತೊಟ್ಟು ಅವಳ ಮನೆಯ ಮುಂದೆ ನಿಂತಿದ್ದ. "ನಡಿ. ಇಬ್ಬರೂ ಹೋಗಿ ನೋಡೂಣು. ಒಬ್ಬರ ಹೋಗಿ ಬಂದ್ರ ಇನ್ನೊಬ್ಬರಿಗೆ ಅನುಮಾನ ಉಳೀತದ."

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ, ಅವನು ಹಿಂದೆ.

ಮಿಷನ್ ತಂದಿದ್ದ ಅಬ್ದುಲ್ ವಹೀದನ ರೇಡಿಯೋ ರಿಪೇರಿ ಅಂಗಡಿ ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರದ ಒಂದು ಸಂದಿಯಲ್ಲಿತ್ತು. ಆರು ವರ್ಷ ಸೌದಿಯಲ್ಲಿ ಮರಳಿನಡಿಯ ಪೈಪು ಹುಡುಕುವ ಕೆಲಸ ಮಾಡಿ ಬಂದವನು. ಇಬ್ಬರ ಕತೆಯನ್ನೂ ಪೂರ್ತಿ ಕೇಳಿ, ಅಂಗಡಿಯ ಹಿಂದಿನ ಅಂಗಳಕ್ಕೆ ಕರೆದೊಯ್ದ. ಅಲ್ಲಿ ಒಂದಲ್ಲ, ಎರಡು ಯಂತ್ರಗಳಿದ್ದವು.

"ಇದು ಅಮೆರಿಕದ್ದು," ಎಂದು ಮೊದಲನೆಯದನ್ನು ಎತ್ತಿದ. ಊರುಗೋಲಿನಷ್ಟು ಹಗುರ, ತುದಿಯಲ್ಲಿ ತಟ್ಟೆಯಂಥ ಬಿಲ್ಲೆ, ಹಿಡಿಯ ಹತ್ತಿರ ಮುಳ್ಳಿನ ಗಡಿಯಾರದಂಥದ್ದು. "ಕಬ್ಬಿಣ ಯಾವುದು, ಬೆಳ್ಳಿ ಯಾವುದು ಅಂತ ಮುಳ್ಳು ತೋರಸ್ತದ. ಇನ್ನೊಂದು ವಿಲಾಯತಿದು. ಬೊಂಬಾಯಿನಾಗ ಹಿಡದು ತಂದೀನಿ."

ಎರಡನೆಯದು ನೋಡಲು ಚೆಂದವಿರಲಿಲ್ಲ. ಉದ್ದನೆಯ ಕೊಳವೆಯ ಆ ತುದಿಗೊಂದು ಈ ತುದಿಗೊಂದು ಡಬ್ಬಿ. ನೀರಿನ ಕಾವಡಿಯಂತೆ ಕಾಣುತ್ತಿತ್ತು.

ಆದೆಮ್ಮ ತನ್ನ ಕೈಯ ಬೆಳ್ಳಿ ಕಡಗ ಬಿಚ್ಚಿ ನೆಲದ ಮೇಲಿಟ್ಟಳು. ಮಣ್ಣು ಮುಚ್ಚಿದಳು. "ಇದನ್ನ ಹುಡುಕಸು ನೋಡೂಣು."

ಅಮೆರಿಕದ ಯಂತ್ರ ಅದರ ಮೇಲೆ ಬರುತ್ತಲೇ ಮರಿಯ ಹಾಗೆ ಕುಂಯ್ ಎಂದಿತು. ಮುಳ್ಳು ಚಂಗನೆ ಬೆಳ್ಳಿಯ ಕಡೆ ಹಾರಿತು. ವಿಲಾಯತಿಯ ಕಾವಡಿ ಹೋಯಿತು, ಬಂತು, ತುಟಿ ಬಿಚ್ಚಲಿಲ್ಲ.

"ಇದು ಕಿವುಡದ," ಎಂದಳು ಆದೆಮ್ಮ.

"ಕಿವುಡಲ್ಲ ಯವ್ವಾ. ಇದು ಸಣ್ಣ ಮಾತು ಕೇಳಂಗಿಲ್ಲ, ದೊಡ್ಡ ಮಾತಷ್ಟ ಕೇಳ್ತದ," ಎಂದು ನಕ್ಕ ವಹೀದ್. ಅಂಗಳದ ಮೂಲೆಯಲ್ಲಿ ಎದೆಯಾಳದ ಒಂದು ಒಣ ಗುಂಡಿಯಿತ್ತು. ಅದರ ತಳಕ್ಕೆ ಮನೆಯ ತಾಮ್ರದ ಬಿಂದಿಗೆ ಇಳಿಬಿಟ್ಟು ಮೇಲೆ ಹಲಗೆ ಮುಚ್ಚಿದ. ಈ ಸಲ ಅಮೆರಿಕದ್ದು ಸುಮ್ಮನಾಯಿತು. ಕಾವಡಿ ಹಲಗೆಯ ಮೇಲೆ ಬಂದಾಗ ದೂರದಲ್ಲಿ ದುಂಬಿ ಸುಳಿದಂತೆ ಒಂದು ಗುಂಯ್‌ಗುಡುವಿಕೆ ಶುರುವಾಯಿತು. "ಎದಿಮಟ ಆಳ ಇದ್ರೂ ಬಿಡಂಗಿಲ್ಲ. ಆದ್ರ ತಾಮ್ರೋ ಕಬ್ಬಿಣೋ ಅಂತ ಹೇಳಂಗಿಲ್ಲ. ತೋಡೇ ನೋಡಬೇಕು. ಅದು ಅದರ ಕೊರತಿ."

ಅವನು ಬೆವರು ಒರೆಸಿಕೊಂಡ. "ಒಂದನ್ನ ಆರಿಸಿಕೊಳ್ರಿ. ನಾನ ಹಿಡಕೊಂಡು ಬರ್ತೀನಿ. ಇನ್ನೊಂದನ್ನ ದೇವದುರ್ಗದವರಿಗೆ ಹೇಳೀನಿ, ನಮ್ಮ ಭಾಮೈದ ತಗೊಂಡು ಹೊಂಟಾನ. ಅವರಿಗೆ ರಾಜರ ಕಾಲದ ನಿಧಿ ಬೇಕಂತ. ಕಿಲ್ಲಾ ಸರಕಾರದ್ದು, ಅದನ್ನ ಮುಟ್ಟಂಗಿಲ್ಲ, ನಿಮ್ಮ ಹೊಲದಾಗಷ್ಟ ನೋಡ್ಕೊಳ್ರಿ ಅಂತ ಮಾತು ತಗೊಂಡೀನಿ."

"ಅಮೆರಿಕದ್ದು," ಎಂದಳು ಆದೆಮ್ಮ.

"ವಿಲಾಯತಿದು," ಎಂದ ಹನುಮಂತ್ರಾಯ, ಅದೇ ಉಸಿರಿಗೆ.

ಇಬ್ಬರೂ ಆ ದಿನ ಮೊದಲ ಸಲ ಒಬ್ಬರನ್ನೊಬ್ಬರು ನೇರ ನೋಡಿದರು.

"ನಾ ತೋಡಿದ್ದು ಮೊಳಕೈ ಆಳ," ಎಂದಳು ಅವಳು. "ಇದಕ್ಕ ಅಷ್ಟು ಸಾಕು. ಬೆಳ್ಳಿ ಅಂತ ಬಾಯಿಬಿಟ್ಟು ಹೇಳ್ತದ. ಅದು ಮುಳ್ಳಿಲ್ಲದ್ದು, ಮಾತಿಲ್ಲದ್ದು. ಅದನ್ನ ಯಾಕ ಬೇಡ್ತಿ? ಸಿಗಬಾರದು ಅಂತೇನು? ಸಿಗಲಿಲ್ಲ, ನಮ್ಮತ್ತಿಗಿ ಕಳ್ಳಿ ಖರೇ ಅಂತ ಊರಾಗ ಇನ್ನೊಮ್ಮಿ ಹೇಳಾಕೇನು?"

ಹನುಮಂತ್ರಾಯನ ಮುಖ ಕೆಂಪಾಯಿತು. "ಸಿಗಬಾರದು ಅಂದಿದ್ರ ಈ ಬಿಸಲಾಗ ಯಾಕ ಬರ್ತಿದ್ದೆ?" ಎನ್ನುತ್ತ ಕುಕ್ಕರುಗಾಲಲ್ಲಿ ಕೂತು, ಒಂದು ಕಡ್ಡಿ ಹೆಕ್ಕಿ ನೆಲದ ಮೇಲೆ ಗೆರೆ ಎಳೆಯತೊಡಗಿದ. "ನೋಡಿಲ್ಲಿ. ನೀ ಆ ಹೊಲಕ್ಕ ಬಂದು ಹದಿನಾರು ವರ್ಷ ಆತು. ಇದು ಒರಳು. ಇದು ದಿನ್ನಿ. ಹಟ್ಟಿ ಇದ್ದದ್ದು ತಗ್ಗಿನಾಗ. ಕಾಲುವಿ ನೀರು ಬಂದ ಮ್ಯಾಲ ಭತ್ತ ಹಚ್ಚಾಕ ಮಟ್ಟ ಮಾಡಬೇಕಂತ ಬುಲ್ಡೋಜರ್ ತರಿಸಿ ದಿನ್ನಿ ಮಣ್ಣೆಲ್ಲಾ ತಗ್ಗಿಗೆ ನೂಕಿಸೀನಿ. ಒರಳನ್ನ ಮ್ಯಾಲೆತ್ತಿ ಅದ ಜಾಗದಾಗ ಇಟ್ಟೀನಿ. ನಿನ್ನದು ಒಂದು ಮೊಳ. ಅದರ ಮ್ಯಾಲ ನನ್ನ ಮಣ್ಣು ಎರಡು ಮೊಳ. ಬಿಂದಿಗಿ ಈಗ ನನ್ನ ಎದಿ ಆಳದಾಗ ಅದ."

ಆದೆಮ್ಮ ಗೆರೆಗಳನ್ನು ನೋಡುತ್ತಿದ್ದವಳು ನಿಧಾನಕ್ಕೆ ತಲೆ ಎತ್ತಿದಳು. ಮೂವತ್ತಾರು ವರ್ಷಗಳಲ್ಲಿ ಆ ಮನೆಯ ಯಾರ ಬಾಯಲ್ಲೂ ಕೇಳದ ಮಾತು ಅದು. ಇದ್ದಿದ್ದರೆ, ಎಂದಿರಲಿಲ್ಲ ಅವನು. ಇಟ್ಟಿದ್ದೇ ನಿಜವಾದರೆ, ಎಂದೂ ಅಂದಿರಲಿಲ್ಲ.

"ಅದ ಅಂತೀಯೇನು, ಹನುಮಂತಾ?"

ಅವನು ಕಡ್ಡಿ ಮುರಿದ. "ನೀ ತಗೊಂಡಿದ್ರ, ಮಿಷನ್ ಹಿಡಸ್ತೀನಂತ ನಮ್ಮ ಬಾಗಿಲಿಗೆ ಬರ್ತಿದ್ದೇನು? ನಿನ್ನೆಯಿಂದ ಅದನ್ನ ತಲಿಯಾಗ ತಿರುವಾಕತ್ತೀನಿ. ಕಳ್ಳರು ಯಾರರ ದೀಪ ಹಿಡಕೊಂಡು ಬರ್ತಾರೇನು?"

ಆದೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಕಡಗ ಎತ್ತಿ ಕೈಗೆ ತೊಟ್ಟಳು. "ಕಾವಡೀನ ತಗೊಂಡು ಬಾ ವಹೀದಾ," ಎಂದಳು. "ಸಣ್ಣ ಮಾತು ಕೇಳೂ ಮಿಷನ್ ನಮಗ ಬ್ಯಾಡ."

ಮರುದಿನ ಮೊದಲ ಬಸ್ಸಿಗೇ ವಹೀದ್ ಬಂದಿಳಿದ. ಹೊಲ ಒಣಗಿ ಬಿರುಕು ಬಿಟ್ಟಿತ್ತು. ಹೇಗೋ ಸುದ್ದಿ ಹಬ್ಬಿ ಬದುವಿನ ಮೇಲೆ ಅರ್ಧ ಊರು ಕೂತಿತ್ತು. ಕರೆಮ್ಮ ಮಾತ್ರ ಕೂರದೆ ಕೈಕಟ್ಟಿ ನಿಂತಿದ್ದಳು.

ವಹೀದ್ ಹೊಲಕ್ಕೆ ನೂಲು ಕಟ್ಟಿಸಿ, ಒಂದೊಂದೇ ಸಾಲಿನಲ್ಲಿ ಕಾವಡಿ ಹೊತ್ತು ನಡೆದ. ಒರಳುಕಲ್ಲಿನ ಮೂಡಣಕ್ಕೆ ಏಳು ಹೆಜ್ಜೆ. ಸದ್ದಿಲ್ಲ. ಎಂಟು, ಒಂಬತ್ತು. ಸದ್ದಿಲ್ಲ. ಬಿಸಿಲು ಏರಿದಾಗ ಒಂದು ಕಡೆ ಗುಂಯ್ ಎಂದಿತು. ಬದುವಿನ ಮೇಲಿನವರೆಲ್ಲ ಎದ್ದು ನಿಂತರು. ಹನುಮಂತ್ರಾಯ ಸಲಿಕೆ ಹಿಡಿದು ಸೊಂಟದವರೆಗೆ ತೋಡಿದ. ಸಿಕ್ಕಿದ್ದು ಬಂಡಿಗಾಲಿಯ ತುಕ್ಕು ಹಿಡಿದ ಕಬ್ಬಿಣದ ಬಳೆ.

"ಆತಿಲ್ಲೋ?" ಎಂದಳು ಕರೆಮ್ಮ.

ಆದೆಮ್ಮ ಬೇವಿನ ಗಿಡದ ನೆರಳಲ್ಲಿ ಕೂತಿದ್ದಳು. ಆ ಹೊತ್ತಿಗೆ ಅವಳೊಳಗೆ ಎದ್ದದ್ದು ಯಾರಿಗೂ ಹೇಳಿಕೊಳ್ಳಲಾಗದ ಭಯ. ಇಷ್ಟು ವರ್ಷ ಎಲ್ಲರೂ ಹೂತಿಲ್ಲ, ಹೂತಿಲ್ಲ ಎಂದದ್ದಕ್ಕೆ ಅವಳಿಗೇ ಎಷ್ಟೋ ಸಲ ಅನುಮಾನ ಬಂದಿತ್ತು. ನಿಜವಾಗಿ ಹೂತಿದ್ದೆನೇ? ಓಡುವ ಗಾಬರಿಯಲ್ಲಿ ಎಲ್ಲೋ ಬಿಟ್ಟೆನೇ? ಮೊಳಕೈಗೆ ಮೆತ್ತಿದ ಮಣ್ಣಿನ ನೆನಪು ಕನಸಿನದೋ ಏನೋ?

ವಹೀದ್ ಬ್ಯಾಟರಿ ಬದಲಿಸಿ ಮತ್ತೆ ಹೊರಟ. ಪಡುವಣದ ಸಾಲುಗಳು ಮುಗಿದವು. ಕಾಲುವೆಯ ದಿಕ್ಕಿನಲ್ಲಿ, ಒರಳುಕಲ್ಲಿನಿಂದ ಇಪ್ಪತ್ತು ಹೆಜ್ಜೆಗೂ ಆಚೆ, ಯಾರೂ ಎಂದೂ ತೋಡದ ಜಾಗದಲ್ಲಿ ಅವನು ನಿಂತ. ಹಿಂದೆ ಬಂದ. ಮುಂದೆ ಹೋದ. ಅಡ್ಡ ನಡೆದ. ಗುಂಯ್‌ಗುಡುವ ಸದ್ದು ನಿಲ್ಲಲಿಲ್ಲ.

"ಕಾಕಾ, ಇಲ್ಲಿ."

ಹನುಮಂತ್ರಾಯ ಯಾರಿಗೂ ಸಲಿಕೆ ಕೊಡಲಿಲ್ಲ. ಎರಡು ಮೊಳದವರೆಗೆ ದಿನ್ನೆಯ ಕೆಮ್ಮಣ್ಣು ಬಂತು. ಆಮೇಲೆ ಮಣ್ಣಿನ ಬಣ್ಣ ಬದಲಾಯಿತು. ಬೂದಿ, ಅದರ ಕೆಳಗೆ ಕಪ್ಪಗೆ ಪುಡಿಯಾದ ಕುರಿಹಿಕ್ಕೆ. ಅವನು ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದ. "ಅತ್ತಿಗಿ, ಇದು ನಮ್ಮ ಹಟ್ಟಿ ನೆಲ," ಎಂದವನು ಸಲಿಕೆ ಬಿಟ್ಟು ಕೈಯಿಂದಲೇ ಕೆದರತೊಡಗಿದ. ಒಂದು ಮೊಳ ಇಳಿದಾಗ ಬೆರಳುಗಳಿಗೆ ಹಸಿರುಗಟ್ಟಿದ ತಾಮ್ರದ ಕಂಠ ತಗುಲಿತು.

ಬಿಂದಿಗೆ ಮೇಲೆ ಬಂತು. ಬಾಯಿಗೆ ಆದೆಮ್ಮ ಮೆತ್ತಿದ್ದ ಮಣ್ಣು ಕಲ್ಲಾಗಿತ್ತು.

"ಒರಳು ಸರದದ," ಎಂದಳು ಆದೆಮ್ಮ, ತನಗೆ ತಾನೇ ಹೇಳಿಕೊಳ್ಳುವಂತೆ. "ನಾವಿಲ್ಲದಾಗ ಯಾರೋ ಒರಳನ್ನ ಉರುಳ್ಸ್ಯಾರ. ನಾವು ಕಲ್ಲು ನಂಬಿ ತೋಡಿದ್ವಿ."

ಯಾರು, ಯಾಕೆ ಉರುಳಿಸಿದರೋ ಈಗ ಹೇಳುವವರಿಲ್ಲ. ಅಷ್ಟು ಭಾರದ ಕಲ್ಲು ಕಾಲಿಲ್ಲದೆ ನಡೆದೀತೆಂದು ಅಂದು ಒಬ್ಬರಿಗೂ ಹೊಳೆದಿರಲಿಲ್ಲ. ಸೊಸೆ ಕದ್ದಳೆಂಬುದು ಮಾತ್ರ ಎಲ್ಲರಿಗೂ ಹೊಳೆದಿತ್ತು.

ಹನುಮಂತ್ರಾಯ ಧೋತರ ಹಾಸಿ ಬಿಂದಿಗೆ ಬೋರಲು ಹಾಕಿದ. ಕಪ್ಪಾದ ಡಾಬು, ಒಂದಕ್ಕೊಂದು ಅಂಟಿದ ನಾಣ್ಯ, ದಾರ ಕೊಳೆತು ಚೆದುರಿದ ಬೋರಮಾಳದ ಗುಂಡು. ಕೊನೆಗೆ ಒಂದು ಜೊತೆ ಜುಮುಕಿಯೂ ತೆಳ್ಳನೆಯ ಬಂಗಾರದ ಸರವೂ ಬಿದ್ದವು.

ಕರೆಮ್ಮ ಯಾವಾಗ ಗುಂಡಿಯ ಹತ್ತಿರ ಬಂದಳೋ ಯಾರೂ ನೋಡಿರಲಿಲ್ಲ. "ಇವು ಅತ್ತಿಯವು ಅಲ್ಲ," ಎಂದಳು. "ಅತ್ತಿ ತನ್ನ ಸಾಮಾನು ಒಂದೊಂದೂ ನನ್ನ ಮುಂದ ಹೇಳಿ ಅತ್ತಾಳ. ಇವು ಯಾರವು?"

"ನನ್ನವು," ಎಂದಳು ಆದೆಮ್ಮ. "ತವರಿನವರು ಮದುವ್ಯಾಗ ಹಾಕಿದ್ದು."

"ನಿನ್ನವೂ ಇದ್ವೇನಕ್ಕಾ ಇದರಾಗ?"

"ನನ್ನ ಮೈಮ್ಯಾಲಿದ್ದದ್ದೆಲ್ಲಾ ಇದರಾಗ ಹಾಕಿದ್ದೆ."

"ಹಂಗಂತ ಒಮ್ಮಿಯರ ಹೇಳಬಾರದೇನ?"

"ಯಾರು ಕೇಳಿದ್ರು?"

ಅಷ್ಟು ಜನರೆದುರು ಕರೆಮ್ಮ ಆ ಮಣ್ಣುಗುಪ್ಪೆಯ ಮೇಲೆ ಕುಸಿದು, ಆದೆಮ್ಮನ ಪಾದ ಹಿಡಿಯಲು ಬಗ್ಗಿದಳು. ಆದೆಮ್ಮ ಅವಳ ರಟ್ಟೆ ಹಿಡಿದು ತಡೆದಳು. ಮರುಗಳಿಗೆಯೇ ಆದೆಮ್ಮನಿಗೆ ನಗು ಬಂತು. ಯಾಕೆಂದು ಗೊತ್ತಿಲ್ಲ, ತಲೆಯ ಮೇಲಿನ ಹೊರೆಯನ್ನು ಯಾರೋ ಒಮ್ಮೆಲೇ ಇಳಿಸಿಕೊಂಡಾಗ ಕತ್ತು ತಾನಾಗಿ ತೂಗುತ್ತದಲ್ಲ, ಹಾಗೆ. ನಕ್ಕಳು, ಅತ್ತಳು, ಮತ್ತೆ ನಕ್ಕಳು. ವಹೀದ್ ಮುಖ ಆಚೆ ತಿರುಗಿಸಿ ಯಂತ್ರದ ಡಬ್ಬಿ ಒರೆಸುತ್ತ ನಿಂತ.

ಕರೆಮ್ಮ ಎಲ್ಲರನ್ನೂ ಮನೆಗೆ ಕರೆದೊಯ್ದು ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಆದೆಮ್ಮ ಮೂರು ರೊಟ್ಟಿ ತಿಂದಳು. ನಾಲ್ಕನೆಯದನ್ನು ಕರೆಮ್ಮ ಕೇಳದೆಯೇ ತಾಟಿಗೆ ಹಾಕಿದಳು, ಅದನ್ನೂ ತಿಂದಳು. ಡಾಬು, ಸರಗಳ ಪಾಲಿನ ಮಾತನ್ನು ಅಂದು ಯಾರೂ ಎತ್ತಲಿಲ್ಲ. ದೇವದುರ್ಗದ ಸುದ್ದಿ ಏನಾಯಿತೋ ನೋಡಬೇಕೆಂದು ವಹೀದ್ ಮಧ್ಯಾಹ್ನದ ಬಸ್ಸಿಗೆ ಹೊರಟ. ಹನುಮಂತ್ರಾಯ ಅವನನ್ನು ಬಸ್ಸು ಹತ್ತಿಸಿ ಬರುವ ದಾರಿಯುದ್ದಕ್ಕೂ ಕಂಡಕಂಡವರನ್ನು ನಿಲ್ಲಿಸಿ, "ನಮ್ಮತ್ತಿಗಿ ಇಟ್ಟಲ್ಲೇ ಇತ್ತು. ನಾವ ಕಣ್ಣಿಲ್ಲದವರು" ಎಂದು ಹೇಳುತ್ತಿದ್ದ. ಅವನ ದನಿ ಮನೆಯ ಪಡಸಾಲೆಗೆ ಕೇಳುತ್ತಿತ್ತು.

ಪಡಸಾಲೆಯ ತಂಪಿನಲ್ಲಿ ಗೋಡೆಗೆ ಒರಗಿ ಕೂತ ಆದೆಮ್ಮ ಅದನ್ನು ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳುವಷ್ಟರಲ್ಲಿ ಕಣ್ಣು ಎಳೆಯಿತು. ಬಿಂದಿಗೆ ನೋಡಲು ಬಂದ ಹೆಂಗಸರು ಹೊಸ್ತಿಲಲ್ಲಿ ಗದ್ದಲ ಮಾಡತೊಡಗಿದಾಗ ಕರೆಮ್ಮ ಬೆರಳನ್ನು ತುಟಿಗಿಟ್ಟಳು.

"ಸುಮ್ನಿರ್ರಿ ಬೇ," ಎಂದಳು ಮೆಲ್ಲಗೆ. "ಅಕ್ಕ ಮಲಗ್ಯಾಳ."